ಪೆಟ್ಟಿಗೆಯಲ್ಲಿ ಕನ್ನಡಕಕ್ಕೂ ಜಾಗವಿರಲಿ

ಈ ಬಾರಿ ನನ್ನ ಮುಂದಿರುವುದು ಕರಾವಳಿಯ ಸಹೋದರಿಯೊಬ್ಬಳ ಪತ್ರ. ಹೆಸರು ಹಾಕಬೇಡಿ ಎಂದು ಎರಡು ಕಡೆ ಬರೆದು ಅಡಿಗೆರೆ ಎಳೆದಿದ್ದಾಳೆ. ವಯಸ್ಸು ಇಪ್ಪತ್ತಮೂರು. ನಿಕಾಹ್ ಆಗಿ ಐದು ತಿಂಗಳಾಗಿದೆ. ಗಂಡ ದುಬೈಯಲ್ಲಿದ್ದಾರೆ. ವೀಸಾ ಬಂದಿದೆ, ಮುಂದಿನ ತಿಂಗಳು ಹೊರಡಬೇಕು. ಎರಡೂ ಕಣ್ಣಿನ ಪವರ್ ಮೈನಸ್ ಐದು. ಕಾಂಟ್ಯಾಕ್ಟ್ ಲೆನ್ಸ್ ಎಷ್ಟು ಬಾಕ್ಸ್ ಕೊಂಡುಹೋಗಲಿ, ವಿಮಾನದಲ್ಲಿ ಬಿಡುತ್ತಾರಾ, ಅಲ್ಲಿ ಸಿಗುತ್ತದಾ ಎಂದು ಕೇಳಿದ್ದಾಳೆ.

ಇಷ್ಟೇ ಆಗಿದ್ದರೆ ಅರ್ಧ ಪುಟದಲ್ಲಿ ಉತ್ತರ ಬರೆದು ಮುಗಿಸುತ್ತಿದ್ದೆ. ಆದರೆ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದಿಷ್ಟು ಬರೆದಿದ್ದಾಳೆ: 'ಹುಡುಗಿ ನೋಡಲು ಬಂದ ದಿನ ಲೆನ್ಸ್ ಹಾಕಿದ್ದೆ. ನನಗೆ ಕನ್ನಡಕ ಇದೆಯೆಂದು ಅವರಿಗೆ ಗೊತ್ತಿಲ್ಲ. ಮದುವೆಯಾದ ಮೇಲೆ ಅವರು ಹದಿನೆಂಟು ದಿನ ಊರಲ್ಲಿದ್ದರು. ಆ ಹದಿನೆಂಟು ದಿನ ರಾತ್ರಿಯೂ ಲೆನ್ಸ್ ತೆಗೆಯಲಿಲ್ಲ. ಈಗ ಕನ್ನಡಕವನ್ನು ತಾಯಿ ಮನೆಯಲ್ಲೇ ಬಿಟ್ಟು ಹೋಗುವುದೆಂದು ಇದ್ದೇನೆ.'

ತಂಗೀ, ಲೆನ್ಸಿನ ಲೆಕ್ಕ ಆಮೇಲೆ ಹೇಳುತ್ತೇನೆ. ಮೊದಲು ಈ ಹದಿನೆಂಟು ರಾತ್ರಿಗಳ ಬಗ್ಗೆ ಮಾತಾಡೋಣ.

ಕಣ್ಣಿನ ಕಪ್ಪು ಭಾಗದ ಮೇಲೆ ಗಾಜಿನಷ್ಟು ತಿಳಿಯಾದ ಒಂದು ಪದರವಿದೆ. ಅದಕ್ಕೆ ಕಾರ್ನಿಯಾ ಎನ್ನುತ್ತಾರೆ. ದೇಹದ ಬೇರೆ ಅಂಗಗಳಿಗೆ ರಕ್ತನಾಳದ ಮೂಲಕ ಆಮ್ಲಜನಕ ಸಿಗುತ್ತದೆ. ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ. ಇದ್ದಿದ್ದರೆ ಅದು ತಿಳಿಯಾಗಿ ಇರುತ್ತಲೂ ಇರಲಿಲ್ಲ. ತನಗೆ ಬೇಕಾದ ಆಮ್ಲಜನಕದ ದೊಡ್ಡ ಪಾಲನ್ನು ಅದು ಕಣ್ಣೀರಿನ ತೆಳು ಪದರದ ಮೂಲಕ ಹೊರಗಿನ ಗಾಳಿಯಿಂದಲೇ ಪಡೆಯುತ್ತದೆ. ರೆಪ್ಪೆ ಮುಚ್ಚಿ ಮಲಗಿದಾಗ ಸಹಜವಾಗಿಯೇ ಗಾಳಿ ಕಡಿಮೆ. ಅದರ ಮೇಲೆ ಲೆನ್ಸ್ ಕೂಡ ಇದ್ದರೆ? ಕಾರ್ನಿಯಾ ಊದಿಕೊಳ್ಳುತ್ತದೆ, ಮೇಲ್ಮೈ ಸೂಕ್ಷ್ಮವಾಗಿ ಒಡೆಯುತ್ತದೆ, ರೋಗಾಣು ಒಳಹೊಗಲು ದಾರಿ ಆಗುತ್ತದೆ. ಲೆನ್ಸ್ ಹಾಕಿಕೊಂಡೇ ಮಲಗುವವರಿಗೆ ಕಣ್ಣಿನ ಸೋಂಕಿನ ಅಪಾಯ ಆರರಿಂದ ಎಂಟು ಪಟ್ಟು ಹೆಚ್ಚು ಎಂದು ವೈದ್ಯರು ಹೇಳುತ್ತಾರೆ. ಕಾರ್ನಿಯಾದ ಮೇಲೆ ಹುಣ್ಣಾದರೆ, ಕೆಲವು ಬಗೆಯ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ದೃಷ್ಟಿಗೆ ಶಾಶ್ವತ ಹಾನಿ ಮಾಡಬಲ್ಲದು. ಹುಣ್ಣು ವಾಸಿಯಾದರೂ ಅದರ ಕಲೆ ಉಳಿದು ಆ ಜಾಗದಲ್ಲಿ ನೋಟ ಮಸುಕಾಗುತ್ತದೆ.

ಹದಿನೆಂಟು ದಿನ ಏನೂ ಆಗಲಿಲ್ಲವಲ್ಲ ಎಂದು ಕೇಳಬಹುದು. ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಈಗ ನೀನು ಹೋಗುತ್ತಿರುವುದು ಹದಿನೆಂಟು ದಿನಕ್ಕಲ್ಲ.

ಇದರಲ್ಲಿ ಈ ಹುಡುಗಿಯದ್ದು ಮಾತ್ರ ತಪ್ಪು ಎಂದು ನಾನು ಹೇಳಲಾರೆ. ಹೆಣ್ಣು ನೋಡಲು ಬರುವ ದಿನ 'ಕನ್ನಡಕ ತೆಗೆದಿಡು ಮಗಳೇ' ಎಂದವರು ಯಾರು? ನಾವೇ ತಾಯಂದಿರು, ಅತ್ತೆ-ಚಿಕ್ಕಮ್ಮಂದಿರು. ಗಂಡಿನ ಕಡೆಯವರು ಮನೆಗೆ ಹೋಗಿ 'ಹುಡುಗಿ ಚೆನ್ನಾಗಿದ್ದಾಳೆ, ಆದರೆ ಕನ್ನಡಕ' ಎಂದು ರಾಗ ಎಳೆಯುವುದನ್ನು ನಾವು ಕೇಳಿಲ್ಲವೇ? ಹುಡುಗನಿಗೆ ಕನ್ನಡಕವಿದ್ದರೆ 'ಓದಿದವನ ಹಾಗೆ ಕಾಣುತ್ತಾನೆ' ಎನ್ನುತ್ತೇವೆ. ಹುಡುಗಿಗಿದ್ದರೆ ಅದು ಕುಂದು! ಹೀಗೆ ಒಂದು ದಿನದ ಮಟ್ಟಿಗೆ ಕಣ್ಣಿಗೆ ಏರಿದ ಲೆನ್ಸ್ ಆಮೇಲೆ ಇಳಿಯುವುದೇ ಇಲ್ಲ.

ಲೆನ್ಸನ್ನು ನಾನು ದೂರುತ್ತಿಲ್ಲ. ಹನ್ನೆರಡು ವರ್ಷ ನಾನೂ ಹಾಕಿದ್ದೇನೆ. ಈಗ ನಾವು ಧರಿಸುವ ಮೃದು ಲೆನ್ಸಿಗೆ ಕಾರಣರಾದವರು ಒಟ್ಟೊ ವಿಖ್ಟರ್ಲೆ ಎಂಬ ಚೆಕ್ ರಸಾಯನ ವಿಜ್ಞಾನಿ. 1961ರ ಕ್ರಿಸ್‌ಮಸ್ ದಿನಗಳಲ್ಲಿ ಅವರು ಮಕ್ಕಳ ಆಟದ ಜೋಡಣೆ ಸಾಮಾನು ಮತ್ತು ಸೈಕಲ್ ಡೈನಮೊ ಬಳಸಿ ತಮ್ಮ ಮನೆಯ ಅಡುಗೆಕೋಣೆಯಲ್ಲೇ ಯಂತ್ರ ಕಟ್ಟಿ ಮೊದಲ ಲೆನ್ಸ್‌ಗಳನ್ನು ತಯಾರಿಸಿದರು. ಆಮೇಲಿನ ತಯಾರಿಯಲ್ಲಿ ಹೆಂಡತಿಯೂ ಕೈಜೋಡಿಸಿದರು. ಒಳ್ಳೆಯ ವಸ್ತುವೇ. ಆದರೆ ಅದು ಬಳೆ, ಕ್ಲಿಪ್ಪುಗಳ ಸಾಲಿಗೆ ಸೇರಿದ್ದಲ್ಲ, ಔಷಧಿಯ ಸಾಲಿಗೆ ಸೇರಿದ್ದು. ಊರಲ್ಲಿದ್ದಾಗ ಕಣ್ಣು ಕೆಂಪಾದರೆ ಲೆನ್ಸ್ ಕೊಟ್ಟ ಡಾಕ್ಟರ ಹತ್ತಿರ ಓಡಬಹುದು. ಪರದೇಶಕ್ಕೆ ಹೋದ ಮೊದಲ ವಾರಗಳಲ್ಲಿ ಯಾವ ಆಸ್ಪತ್ರೆ ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ, ವಿಮೆಯ ಕಾರ್ಡ್ ಕೈಗೆ ಬಂದಿರುವುದಿಲ್ಲ, ಗಂಡ ಸಂಜೆಯವರೆಗೆ ಡ್ಯೂಟಿಯಲ್ಲಿ. ಅಂತಹ ಹೊತ್ತಿನಲ್ಲಿ ಕಣ್ಣು ಉರಿದರೆ ಲೆನ್ಸ್ ತೆಗೆದಿಡಬೇಕು. ತೆಗೆದರೆ ಮೈನಸ್ ಐದರ ಕಣ್ಣಿಗೆ ಒಲೆಯ ಮೇಲಿನ ಪಾತ್ರೆಯೂ ಮಸುಕು. ಕನ್ನಡಕ ಇಲ್ಲದಿದ್ದರೆ ಹುಡುಗಿ ಏನು ಮಾಡುತ್ತಾಳೆ? ಉರಿಯುವ ಕಣ್ಣಿಗೆ ಅದೇ ಲೆನ್ಸನ್ನು ಮತ್ತೆ ಹಾಕುತ್ತಾಳೆ. ಹುಣ್ಣಾಗುವುದು ಹೀಗೆಯೇ.

ಆದ್ದರಿಂದ ಕನ್ನಡಕ ಹೋಗಲೇಬೇಕು. ಒಂದಲ್ಲ, ಎರಡು. ಒಂದು ಹ್ಯಾಂಡ್ ಬ್ಯಾಗಿನಲ್ಲಿ, ಇನ್ನೊಂದು ಪೆಟ್ಟಿಗೆಯಲ್ಲಿ. ಪವರ್ ಹಳೆಯದಾಗಿದ್ದರೆ ಹೊಸ ಗಾಜು ಹಾಕಿಸಿ. ಊರಿನ ದರದಲ್ಲಿ ಎರಡು ಕನ್ನಡಕ ಮಾಡಿಸುವುದು ದೊಡ್ಡ ಹೊರೆಯಲ್ಲ. ಮದುವೆಯ ಸೀರೆಯೊಂದಕ್ಕೆ ಎಷ್ಟು ಕೊಟ್ಟೆವು ಎಂದು ನೆನಪಿಸಿಕೊಂಡರೆ ಸಾಕು.

ಈಗ ಚೀಟಿಯ ವಿಷಯ. ಅನೇಕರು ಕನ್ನಡಕದ ಚೀಟಿಯನ್ನೇ ಹಿಡಿದು ಲೆನ್ಸ್ ಕೊಳ್ಳಲು ಹೋಗುತ್ತಾರೆ. ಎರಡೂ ಒಂದೇ ಅಲ್ಲ. ಕನ್ನಡಕದ ಗಾಜು ಕಣ್ಣಿನಿಂದ ಸ್ವಲ್ಪ ದೂರ ಇರುತ್ತದೆ, ಲೆನ್ಸ್ ಕಣ್ಣಿಗೇ ಅಂಟಿರುತ್ತದೆ. ಹಾಗಾಗಿ ನಾಲ್ಕಕ್ಕಿಂತ ಹೆಚ್ಚು ಪವರ್ ಇದ್ದವರಿಗೆ ಲೆಕ್ಕ ಬದಲಾಗುತ್ತದೆ. ಕನ್ನಡಕ ಮೈನಸ್ 5.00 ಇದ್ದರೆ ಲೆನ್ಸ್ ಸುಮಾರು ಮೈನಸ್ 4.75, ಕನ್ನಡಕ ಮೈನಸ್ 6.00 ಇದ್ದರೆ ಲೆನ್ಸ್ ಸುಮಾರು ಮೈನಸ್ 5.50. ಇದಲ್ಲದೆ ಬೇಸ್ ಕರ್ವ್ ಎಂಬ ಒಂದು ಅಳತೆ ಇದೆ, ಅಂದರೆ ಲೆನ್ಸಿನ ಒಳಬಾಗು. ಬಾಕ್ಸಿನ ಮೇಲೆ ಬಿ.ಸಿ. 8.4, 8.6 ಎಂದು ಬರೆದಿರುತ್ತದೆ. ಪಕ್ಕದಲ್ಲಿ 14.0, 14.2 ಎಂದಿರುವುದು ಅಗಲ, ಮಿಲಿಮೀಟರಿನಲ್ಲಿ. ಚಪ್ಪಲಿಯ ನಂಬರ್ ಇದ್ದಂತೆ ಇವೂ. ಬಿಗಿಯಾದರೆ ಕಣ್ಣನ್ನು ಹಿಂಡುತ್ತದೆ, ಸಡಿಲವಾದರೆ ರೆಪ್ಪೆ ಬಡಿದಾಗಲೆಲ್ಲ ಜಾರುತ್ತದೆ.

ಹೊರಡುವ ಮೊದಲು ಡಾಕ್ಟರಿಂದ ಕಣ್ಣು ಪರೀಕ್ಷೆ ಮಾಡಿಸಿ ಲೆನ್ಸಿನದ್ದೇ ಪ್ರತ್ಯೇಕ ಚೀಟಿ ಬರೆಸಿಕೊಳ್ಳಿ. ಬಲಗಣ್ಣು, ಎಡಗಣ್ಣಿನ ಪವರ್, ಸಿಲಿಂಡರ್ ಇದ್ದರೆ ಅದು ಮತ್ತು ಅದರ ಆಕ್ಸಿಸ್, ಬೇಸ್ ಕರ್ವ್, ಅಗಲ, ಲೆನ್ಸಿನ ಪೂರ್ತಿ ಹೆಸರು, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬುದು, ಎಲ್ಲವೂ ಇರಲಿ. ಇಂಗ್ಲಿಷಿನಲ್ಲಿ, ಸ್ಪಷ್ಟ ಅಕ್ಷರದಲ್ಲಿ. ಖಾಲಿ ಬಾಕ್ಸಿನ ಒಂದು ಬದಿಯನ್ನು ಕತ್ತರಿಸಿ ಪಾಸ್‌ಪೋರ್ಟ್ ಇಡುವ ಕವರಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಮೊಬೈಲಿನಲ್ಲೂ ಒಂದು ಫೋಟೋ ಇರಲಿ.

ಎಷ್ಟು ಕೊಂಡುಹೋಗಬೇಕು? ನನ್ನ ಲೆಕ್ಕ ಆರು ತಿಂಗಳಿಗಾಗುವಷ್ಟು, ಹೆಚ್ಚು ಬೇಡ. ತಿಂಗಳಿಗೊಮ್ಮೆ ಬದಲಿಸುವ ಲೆನ್ಸ್ ಆರರ ಬಾಕ್ಸಿನಲ್ಲಿ ಬರುತ್ತದೆ, ಕೆಲವು ಮೂರರದ್ದೂ ಇವೆ. ಈ ತಂಗಿಯ ಹಾಗೆ ಎರಡೂ ಕಣ್ಣಿಗೆ ಒಂದೇ ಪವರ್ ಇದ್ದರೆ ಆರರ ಒಂದು ಬಾಕ್ಸ್ ಮೂರು ತಿಂಗಳಿಗಾಯಿತು, ಎರಡು ಬಾಕ್ಸ್ ಸಾಕು. 'ಅಗ್ಗಕ್ಕೆ ಸಿಕ್ಕಿತು' ಎಂದು ಎರಡು ವರ್ಷದ್ದನ್ನು ಕಟ್ಟಿಕೊಂಡು ಹೋಗಬೇಡಿ. ಈ ವಯಸ್ಸಿನಲ್ಲಿ ಪವರ್ ಬದಲಾಗುತ್ತದೆ. ಬಸಿರಿನ ಸಮಯದಲ್ಲಿ ಕಣ್ಣು ಒಣಗುವುದು, ನೋಟ ಸ್ವಲ್ಪ ವ್ಯತ್ಯಾಸವಾಗುವುದು ಸಾಮಾನ್ಯ. ಬಾಕ್ಸಿನ ಮೇಲಿನ ಅವಧಿ ಮುಗಿಯುವ ದಿನಾಂಕವನ್ನೂ ನೋಡಿ. ಇನ್ನೊಂದು, ತಿಂಗಳ ಲೆನ್ಸ್ ಎಂದರೆ ಮೂವತ್ತು ಸಲ ಹಾಕುವುದು ಎಂದಲ್ಲ. ಪ್ಯಾಕೆಟ್ ಒಡೆದ ದಿನದಿಂದ ಮೂವತ್ತು ದಿನ. ನಾಲ್ಕು ಸಲ ಮಾತ್ರ ಹಾಕಿದ್ದರೂ ಎಸೆಯಬೇಕು. ಹೌದು, ಹೊಟ್ಟೆ ಉರಿಯುತ್ತದೆ. ಅಪರೂಪಕ್ಕೆ ಹಾಕುವವರಿಗೆ ದಿನಕ್ಕೊಂದರಂತೆ ಬಳಸಿ ಎಸೆಯುವ ಲೆನ್ಸೇ ಲೇಸು. ಅದಕ್ಕೆ ಸೊಲ್ಯೂಷನ್ ಬೇಡ, ಡಬ್ಬಿ ಬೇಡ.

ಕೊಲ್ಲಿ ರಾಷ್ಟ್ರಗಳಲ್ಲಿ ಆಪ್ಟಿಕಲ್ಸ್ ಅಂಗಡಿಗಳಿಗೆ ಕೊರತೆಯಿಲ್ಲ. ಇಲ್ಲಿ ಸಿಗುವ ಹೆಸರಾಂತ ಕಂಪೆನಿಗಳ ಲೆನ್ಸ್ ಅಲ್ಲೂ ಇವೆ. ಗಂಡನ ಕೆಲಸದ ನಿಮಿತ್ತ ಅಮೆರಿಕಕ್ಕೆ ಹೋಗುವ ಬೆಂಗಳೂರಿನ ಸಹೋದರಿಯರು ಮಾತ್ರ ನೆನಪಿಡಬೇಕು, ಅಲ್ಲಿ ಚೀಟಿ ಇಲ್ಲದೆ ಲೆನ್ಸ್ ಮಾರುವಂತಿಲ್ಲ. ಅಲ್ಲಿನ ಪರವಾನಗಿ ಇರುವ ಕಣ್ಣಿನ ತಜ್ಞರಿಂದಲೇ ಪರೀಕ್ಷೆ ಮಾಡಿಸಬೇಕು. 2004ರಲ್ಲಿ ಜಾರಿಗೆ ಬಂದ ಕಾನೂನಿನಂತೆ ಪರೀಕ್ಷೆ ಮುಗಿದ ಮೇಲೆ ಚೀಟಿಯ ಪ್ರತಿಯನ್ನು ನಾವು ಕೇಳದಿದ್ದರೂ ಅವರು ಕೊಡಬೇಕು. ಆ ಚೀಟಿ ಹಿಡಿದು ಯಾವ ಅಂಗಡಿಯಲ್ಲಿ ಬೇಕಾದರೂ ಕೊಳ್ಳಬಹುದು.

ಇನ್ನು ವಿಮಾನ. ಇಲ್ಲಿ ನನ್ನದೇ ಪೆದ್ದುತನವನ್ನು ಹೇಳಿಬಿಡುತ್ತೇನೆ. ಮೊದಲ ಸಲ ಹೊರಟಾಗ 120 ಮಿಲಿಲೀಟರಿನ ಸೊಲ್ಯೂಷನ್ ಬಾಟಲಿಯನ್ನು ಹ್ಯಾಂಡ್ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ತಪಾಸಣೆಯಲ್ಲಿ ತೆಗೆದು ಬುಟ್ಟಿಗೆ ಹಾಕಿದರು. ಒಳಗೆ ಸ್ವಲ್ಪವೇ ಇದೆಯಲ್ಲ ಎಂದು ವಾದಿಸಿದೆ. ಅವರು ನೋಡುವುದು ಒಳಗೆ ಎಷ್ಟಿದೆ ಎಂದಲ್ಲ, ಬಾಟಲಿ ಎಷ್ಟರದ್ದು ಎಂದು. ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ತುಂಬಿ ವಿಮಾನ ಉಡಾಯಿಸುವ ಸಂಚು 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಬಯಲಾದ ಮೇಲೆ ಈ 100 ಮಿಲಿಲೀಟರಿನ ನಿಯಮ ಬಂತು. ಹೊಸ ಸ್ಕ್ಯಾನರ್ ಹಾಕಿದ ಕೆಲವು ನಿಲ್ದಾಣಗಳಲ್ಲಿ ಈಗ ಸಡಿಲಿಸಿದ್ದಾರೆ, ಆದರೆ ಅದನ್ನು ನಂಬಿ ಹೊರಡಬೇಡಿ.

ಆ ರಾತ್ರಿ ಏನಾಯಿತೆಂದರೆ, ಇಳಿದು ಮನೆ ಸೇರುವಾಗ ಮಧ್ಯರಾತ್ರಿ ದಾಟಿತ್ತು. ಸೊಲ್ಯೂಷನ್ ಇಲ್ಲ. ಹೊಸ ಮನೆಯಲ್ಲಿ ಏನು ಕೇಳುವುದು ಎಂಬ ಸಂಕೋಚ. ಎರಡು ಚಹಾ ಕಪ್ಪಿನಲ್ಲಿ ನಲ್ಲಿ ನೀರು ಹಾಕಿ ಲೆನ್ಸ್ ಮುಳುಗಿಸಿಟ್ಟೆ. ಬೆಳಿಗ್ಗೆ ಅದನ್ನೇ ಕಣ್ಣಿಗೆ ಹಾಕಿಕೊಂಡೆ. ಮೂರು ದಿನ ಕಣ್ಣು ಕೆಂಡ. ಡಾಕ್ಟರರು ನೋಡಿ ಬೈದರು, ಅಷ್ಟಕ್ಕೇ ಮುಗಿದದ್ದು ನಿಮ್ಮ ಅದೃಷ್ಟ ಎಂದರು. ನಲ್ಲಿ ನೀರಿನಲ್ಲಿ, ಟ್ಯಾಂಕಿನ ನೀರಿನಲ್ಲಿ ಅಕಾಂತಮೀಬಾ ಎಂಬ ಕಣ್ಣಿಗೆ ಕಾಣದ ಜೀವಿ ಇರಬಹುದು. ಕುಡಿದರೆ ತೊಂದರೆಯಿಲ್ಲ. ಲೆನ್ಸಿಗೆ ಅಂಟಿ ಕಾರ್ನಿಯಾ ಸೇರಿದರೆ ತಿಂಗಳುಗಟ್ಟಲೆ ಔಷಧಿ, ಕೆಲವರಿಗೆ ಕಾರ್ನಿಯಾವನ್ನೇ ಬದಲಿಸಬೇಕಾಗುತ್ತದೆ. ನೀರು ಎಷ್ಟೇ ತಿಳಿಯಾಗಿರಲಿ, ಕುದಿಸಿ ಆರಿಸಿದ್ದಿರಲಿ, ಬಾಟಲಿಯದ್ದಿರಲಿ, ಲೆನ್ಸಿಗೆ ತಾಗಿಸಬಾರದು. ಬರಕತ್ತಿಗೆಂದು ಝಮ್‌ಝಮ್ ನೀರಿನಲ್ಲಿ ಲೆನ್ಸ್ ತೊಳೆದ ಹಿರಿಯರೊಬ್ಬರನ್ನೂ ನೋಡಿದ್ದೇನೆ. ಝಮ್‌ಝಮ್ ಕುಡಿಯೋಣ, ಲೆನ್ಸಿಗೆ ಸೊಲ್ಯೂಷನ್ ಇರಲಿ.

ಹಾಗಾಗಿ ಹ್ಯಾಂಡ್ ಬ್ಯಾಗಿನಲ್ಲಿ 60 ಮಿಲಿಲೀಟರಿನ, ಕಂಪೆನಿಯೇ ತುಂಬಿದ ಸಣ್ಣ ಬಾಟಲಿ, ಲೆನ್ಸಿನ ಡಬ್ಬಿ, ಕನ್ನಡಕ, ಒಂದೆರಡು ಜೋಡಿ ಹೊಸ ಲೆನ್ಸ್. ದೊಡ್ಡ ಬಾಟಲಿ ಲಗೇಜಿನಲ್ಲಿ, ಸೋರದಂತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ. ದೊಡ್ಡ ಬಾಟಲಿಯಿಂದ ಖಾಲಿ ಸೆಂಟು ಬಾಟಲಿಗೋ ಇನ್ನಾವುದಕ್ಕೋ ಬಗ್ಗಿಸಿಕೊಂಡು ಹೋಗಬೇಡಿ, ಆ ಕ್ಷಣಕ್ಕೇ ಅದರ ಶುದ್ಧತೆ ಹೋಯಿತು. ಇದ್ದ ಲೆನ್ಸನ್ನೆಲ್ಲ ಲಗೇಜಿಗೆ ಹಾಕುವುದೂ ಬೇಡ. ಪೆಟ್ಟಿಗೆ ಬೇರೆ ಊರಿಗೆ ಹೋಗಿ ಮೂರು ದಿನದ ಮೇಲೆ ಬಂದ ಕಥೆ ಯಾರ ಮನೆಯಲ್ಲಿಲ್ಲ? (ಪೆಟ್ಟಿಗೆಯ ಮಾತು ಬಂತೆಂದು ಹೇಳುತ್ತೇನೆ, ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆಯಲ್ಲಿ ಗಸಗಸೆ ಇದೆಯೇ ನೋಡಿ. ಯುಎಇ, ಸೌದಿಗಳಲ್ಲಿ ಅದು ನಿಷಿದ್ಧ. ಲೆನ್ಸಿಗೆ ಯಾರೂ ಏನೂ ಅನ್ನುವುದಿಲ್ಲ, ಗಸಗಸೆಗೆ ಜೈಲೂ ಆಗಬಹುದು.)

ಪ್ರಯಾಣದ ದಿನ ಕನ್ನಡಕವನ್ನೇ ಹಾಕಿಕೊಳ್ಳಿ. ವಿಮಾನದ ಒಳಗಿನ ಗಾಳಿ ಬಹಳ ಒಣ, ತೇವಾಂಶ ಶೇಕಡಾ ಇಪ್ಪತ್ತಕ್ಕೂ ಕಡಿಮೆ. ಮಂಗಳೂರಿನ ಹಸಿ ಗಾಳಿಗೆ ಒಗ್ಗಿದ ಕಣ್ಣಿಗೆ ಲೆನ್ಸ್ ಒಣಗಿ ಅಂಟಿಕೊಂಡ ಹಾಗಾಗುತ್ತದೆ. ದುಬೈಗೆ ನಾಲ್ಕು ಗಂಟೆ ತಾನೇ ಎನ್ನಬೇಡಿ. ಭಟ್ಕಳದಿಂದ ಹೊರಟವರಿಗೆ ರಸ್ತೆಯಲ್ಲೇ ಮೂರು ಗಂಟೆ, ನಿಲ್ದಾಣದಲ್ಲಿ ಮತ್ತೆ ಮೂರು ಗಂಟೆ. ಹಿಂದಿನ ರಾತ್ರಿ ನಿದ್ದೆಯಿಲ್ಲ, ಬೀಳ್ಕೊಡುವಾಗ ಅತ್ತ ಕಣ್ಣು ಬೇರೆ. ಸೀಟಿನಲ್ಲಿ ಕುಳಿತೊಡನೆ ನಿದ್ದೆ ಬಂದೇ ಬರುತ್ತದೆ. ಬಣ್ಣದ ಲೆನ್ಸನ್ನಂತೂ ಆ ದಿನ ಹಾಕಲೇಬೇಡಿ. ಯುಎಇಯ ವಿಮಾನ ನಿಲ್ದಾಣಗಳಲ್ಲಿ 2000ದ ದಶಕದ ಆರಂಭದಿಂದಲೇ ಕಣ್ಣಿನ ಐರಿಸ್ ಸ್ಕ್ಯಾನ್ ಮಾಡುವ ಪದ್ಧತಿ ಬಂದಿದೆ. ಕಣ್ಣಿನ ಬಣ್ಣದ ವೃತ್ತದ ಗೆರೆಗಳನ್ನು ಯಂತ್ರ ಓದುತ್ತದೆ, ಚಿತ್ತಾರದ ಲೆನ್ಸ್ ಅದನ್ನೇ ಮುಚ್ಚಿಬಿಡುತ್ತದೆ.

ಬಣ್ಣದ ಲೆನ್ಸಿನ ಬಗ್ಗೆ ಇನ್ನೊಂದು ಮಾತು. ಮದುವೆಯ ಮನೆಯಲ್ಲಿ ಒಬ್ಬಳ ಹಸಿರು ಲೆನ್ಸನ್ನು ಇನ್ನೊಬ್ಬಳು ಹಾಕಿ ಫೋಟೋ ತೆಗೆಸುವುದನ್ನು ನೋಡಿದರೆ ನನಗೆ ಮೈ ನಡುಗುತ್ತದೆ. ಹಲ್ಲುಜ್ಜುವ ಬ್ರಷ್ ಬದಲಾಯಿಸಿಕೊಳ್ಳುತ್ತೀರಾ? ಪವರ್ ಇಲ್ಲದ ಲೆನ್ಸಿಗೂ ಅಳತೆ ಇದೆ. ಸೌಂದರ್ಯ ಸಾಧನದ ಅಂಗಡಿಯಲ್ಲಿ ಲಿಪ್‌ಸ್ಟಿಕ್ಕಿನ ಪಕ್ಕ ಇಟ್ಟದ್ದನ್ನು ತಂದು ಹಾಕಬಾರದು.

ವುಝೂ ಬಗ್ಗೆ ಕೇಳುವವರು ಅನೇಕರಿದ್ದಾರೆ. ವುಝೂವಿನಲ್ಲಿ ಮುಖ ತೊಳೆಯಬೇಕು, ಕಣ್ಣಿನ ಒಳಭಾಗ ತೊಳೆಯಬೇಕೆಂದಿಲ್ಲ. ಆದ್ದರಿಂದ ಲೆನ್ಸ್ ಇದ್ದರೂ ವುಝೂ, ಗುಸ್ಲ್ ಆಗುತ್ತದೆ. ಎಚ್ಚರ ಬೇಕಾದುದು ಬೇರೆ ಕಡೆ. ಮುಖಕ್ಕೆ ನೀರು ಹಾಕುವಾಗ ಕಣ್ಣು ಮುಚ್ಚಿಕೊಳ್ಳಿ, ಟವೆಲಿನಿಂದ ಒರೆಸಿದ ಮೇಲೆ ಕಣ್ಣು ಬಿಡಿ. ಸ್ನಾನಕ್ಕೆ ಲೆನ್ಸ್ ತೆಗೆದೇ ಹೋಗಿ. ಫಜ್ರ್‌ಗೆ ಎದ್ದು ವುಝೂ ಮಾಡಿದ ಒದ್ದೆ ಕೈಯಲ್ಲೇ ಲೆನ್ಸ್ ಎತ್ತಿ ಹಾಕಿಕೊಳ್ಳುವವರಿದ್ದಾರೆ. ಅದು ತಪ್ಪು. ಸಾಬೂನಿನಿಂದ ಕೈ ತೊಳೆದು, ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಲೆನ್ಸ್. ರಮಝಾನಿನಲ್ಲಿ ಕಣ್ಣಿಗೆ ಹನಿ ಬಿಟ್ಟರೆ ಉಪವಾಸ ಮುರಿಯುತ್ತದೆಂದು ಹೆದರಿ ಸಂಜೆಯವರೆಗೆ ಉರಿ ತಡೆದುಕೊಳ್ಳುವುದೂ ಬೇಡ. ಮುರಿಯುವುದಿಲ್ಲ ಎಂಬುದೇ ಹನಫಿ, ಶಾಫಿಈ ಎರಡೂ ಕಡೆಯ ವಿದ್ವಾಂಸರ ಅಭಿಪ್ರಾಯ.

ಅಡುಗೆಯ ಮೊದಲು ಲೆನ್ಸ್ ಹಾಕಿ, ಮೆಣಸು ಕತ್ತರಿಸಿದ ಮೇಲೆ ಅಲ್ಲ! ಹಸಿಮೆಣಸಿನ ಖಾರ ಒಂದು ಸಲ ತೊಳೆದರೆ ಬೆರಳಿನಿಂದ ಹೋಗುವುದಿಲ್ಲ. ತಲೆಗೆ ಎಣ್ಣೆ, ಅತ್ತರು ಎಲ್ಲ ಲೆನ್ಸ್ ಹಾಕಿದ ಮೇಲೆ, ಕೈ ದೂರವಿಟ್ಟು. ಲೆನ್ಸ್ ಇರುವಾಗ ರೆಪ್ಪೆಯ ಒಳಗೆ ಸುರ್ಮಾ ಎಳೆಯಬೇಡಿ, ಪುಡಿ ಲೆನ್ಸಿನ ಅಡಿ ಸೇರುತ್ತದೆ. ಕೆಲವು ಸುರ್ಮಾಗಳಲ್ಲಿ ಸೀಸದ ಅಂಶ ಇರುವುದರಿಂದ ಲೆನ್ಸ್ ಇಲ್ಲದವರೂ ಯೋಚಿಸುವುದು ಒಳ್ಳೆಯದು.

ಡಬ್ಬಿಯ ವಿಷಯದಲ್ಲಿ ನಮ್ಮ ಹೆಂಗಸರ ಉಳಿತಾಯ ಬುದ್ಧಿ ಕೆಲಸ ಮಾಡುತ್ತದೆ. ನಿನ್ನೆಯ ಸೊಲ್ಯೂಷನ್ ಚೆಲ್ಲದೆ ಅದರ ಮೇಲೇ ಎರಡು ಹನಿ ಹೊಸದು ಹಾಕುತ್ತಾರೆ. 2007ರಲ್ಲಿ ಅಮೆರಿಕದಲ್ಲಿ ಅಕಾಂತಮೀಬಾ ಸೋಂಕಿನ ತನಿಖೆ ನಡೆದಾಗ ಅಪಾಯ ಹೆಚ್ಚಿಸುವ ಅಭ್ಯಾಸಗಳಲ್ಲಿ ಇದೂ ಒಂದೆಂದು ಕಂಡುಬಂತು. ಪ್ರತಿದಿನ ಪೂರ್ತಿ ಚೆಲ್ಲಿ, ಡಬ್ಬಿಯನ್ನು ಸೊಲ್ಯೂಷನಿನಲ್ಲೇ ತೊಳೆದು, ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಡಬ್ಬಿ ಬದಲಿಸಿ. ಬಾಟಲಿ ತೆರೆದ ದಿನಾಂಕವನ್ನು ಪೆನ್ನಿನಿಂದ ಅದರ ಮೇಲೇ ಬರೆಯಿರಿ. ತೆರೆದ ಮೇಲೆ ಎಷ್ಟು ದಿನ ಬಾಳುತ್ತದೆಂದು ಬಾಟಲಿಯಲ್ಲೇ ಇರುತ್ತದೆ, ಹೆಚ್ಚಿನವು ಸುಮಾರು ಮೂರು ತಿಂಗಳು. ಗಲ್ಫಿನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನಲ್ಲಿ ಸೊಲ್ಯೂಷನ್ ಬಿಟ್ಟು ಬರಬೇಡಿ. ದೂಳಿನ ಗಾಳಿ ಬೀಸುವ ದಿನ ಲೆನ್ಸಿಗೆ ರಜೆ.

ಕಣ್ಣು ನೋವು, ಕೆಂಪು, ಬೆಳಕು ನೋಡಲಾಗದಿರುವುದು, ಮಸುಕು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆದು ಆ ದಿನವೇ ಕಣ್ಣಿನ ಡಾಕ್ಟರ ಬಳಿ ಹೋಗಿ. ಲೆನ್ಸನ್ನು ಎಸೆಯದೆ ಡಬ್ಬಿ ಸಮೇತ ಒಯ್ಯಿರಿ, ರೋಗಾಣು ಯಾವುದೆಂದು ಅದರಿಂದ ತಿಳಿಯಬಹುದು. ಊರಿಂದ ತಂದ ಹಳೆಯ ಕಣ್ಣಿನ ಹನಿ ಹಾಕಿ ಕಾಯಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದ ಹಾಗೆ ಕಾಣುತ್ತದೆ, ಒಳಗೆ ಹುಣ್ಣು ಬೆಳೆಯುತ್ತದೆ.

ತಂಗೀ, ಇನ್ನು ನೀನು ಕೇಳದೆ ಕೇಳಿದ ಪ್ರಶ್ನೆ. ಹೇಳಿಬಿಡು. ಹೊರಡುವ ಮೊದಲೇ, ಫೋನಿನಲ್ಲಿ. ವಿಡಿಯೋ ಕಾಲ್ ಬಂದಾಗ ಕನ್ನಡಕ ಹಾಕಿಕೊಂಡೇ ಕುಳಿತರೆ ಹೇಳುವ ಕೆಲಸವೂ ಅರ್ಧ ಉಳಿಯುತ್ತದೆ. ಅವರು ನಾಲ್ಕು ದಿನ ಮುನಿಸಿಕೊಳ್ಳಬಹುದು, 'ಯಾಕೆ ಮುಚ್ಚಿಟ್ಟಿರಿ' ಎಂದು ನಿನ್ನ ತಾಯಿಯನ್ನು ಕೇಳಬಹುದು. ಆ ಮಾತಿಗೆ ಉತ್ತರ ಕೊಡಬೇಕಾದವರು ನಿನ್ನ ತಾಯಿಯೇ, ಅವರಿಗೂ ಈ ಪುಟ ಓದಿಸು. ಡ್ರೈವಿಂಗ್ ಕಲಿಯುವ ಆಸೆಯಿದೆ ಎಂದೂ ಬರೆದಿದ್ದೀ. ಅಲ್ಲಿ ಲೈಸೆನ್ಸಿಗೆ ಮೊದಲು ಕಣ್ಣಿನ ಪರೀಕ್ಷೆ ಆಗಲೇಬೇಕು, ಅದಕ್ಕೆ ಅವರೇ ಕರೆದುಕೊಂಡು ಹೋಗುವವರು. ಅಲ್ಲಿ ಗೊತ್ತಾಗುವುದಕ್ಕಿಂತ ಇಲ್ಲಿಂದಲೇ ಗೊತ್ತಾಗಲಿ.

ಪವರ್ ಮೈನಸ್ ಐದು ಎಂದು ಬರೆದಿದ್ದೀ, ಅದು ಯಾವ ವರ್ಷದ ಪರೀಕ್ಷೆ ಎಂದು ಬರೆದಿಲ್ಲ. ಈ ವಾರವೇ ಹೋಗಿ ನೋಡಿಸು. ಹದಿನೆಂಟು ರಾತ್ರಿಯ ವಿಷಯವನ್ನೂ ಡಾಕ್ಟರಿಗೆ ಹೇಳು. ಹೋಗುವ ದಿನ ಲೆನ್ಸ್ ತೆಗೆದು ಕನ್ನಡಕದಲ್ಲೇ ಹೋಗಬೇಕು, ಆದರೆ ಹಾಕುತ್ತಿರುವ ಲೆನ್ಸನ್ನು ಡಬ್ಬಿಯಲ್ಲಿ ಜೊತೆಗೆ ಒಯ್ಯಲು ಮರೆಯಬೇಡ.